ಎರಡೆಕರೆ ಮಾರಬೇಕಾ, ಡಾಕ್ಟ್ರೇ?

ಓದುಗರ ಪ್ರಶ್ನೆ, ನರರೋಗ ತಜ್ಞೆಯ ಉತ್ತರ

ಈ ತಿಂಗಳು ನನ್ನ ಹೆಸರಿಗೆ ಬಂದ ಪತ್ರಗಳಲ್ಲಿ ಐದು ಒಂದೇ ಕಾಯಿಲೆಯವು. ಮಲ್ಟಿಪಲ್ ಸ್ಕ್ಲೆರೋಸಿಸ್. ಆಸ್ಪತ್ರೆಯಲ್ಲಿ ನಾವು ಎಂ.ಎಸ್. ಅಂತಲೇ ಕರೆಯುತ್ತೇವೆ. ಐವರೂ ಕೇಳಿರುವುದು ‘ಮ್ಯಾಬ್’ ಎಂದು ಹೆಸರು ಮುಗಿಯುವ ಆ್ಯಂಟಿಬಾಡಿ ಔಷಧಿಗಳ ಬಗ್ಗೆ. ಹಾಗಾಗಿ ತಲೆನೋವು, ಬೆನ್ನುನೋವಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಆ ಓದುಗರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗಳಿಗೆ 26 ವರ್ಷ. ಹೈಸ್ಕೂಲ್ ಟೀಚರ್. ಹೋದ ವರ್ಷ ಬಲಗಣ್ಣು ಮಂಜಾಗಿತ್ತು, ಸ್ಟಿರಾಯ್ಡ್ ಕೊಟ್ಟ ಮೇಲೆ ಸರಿಹೋಯಿತು. ಈಗ ಎಡಗಾಲು ಜೋಮು ಹಿಡಿದು ಎಳೆಯುತ್ತಿದೆ. ಸ್ಕ್ಯಾನ್ ನೋಡಿ ಎಂ.ಎಸ್. ಎಂದಿದ್ದಾರೆ. ಇಲ್ಲಿಯ ಡಾಕ್ಟರು ರಿಟುಕ್ಸಿಮ್ಯಾಬ್ ಕೊಡೋಣ ಅಂತಾರೆ. ಟೆಕ್ಸಸ್‌ನಲ್ಲಿರುವ ನನ್ನ ಮಗ, ‘ಅಪ್ಪಾ, ಇಲ್ಲಿ ಓಕ್ರೆಲಿಜುಮ್ಯಾಬ್ ಕೊಡ್ತಾರೆ, ತಂಗಿಗೂ ಅದನ್ನೇ ಕೊಡಿಸು’ ಅಂತಾನೆ. ವಿಚಾರಿಸಿದೆ. ಅದಕ್ಕೆ ಹೇಳಿದ ದುಡ್ಡಿನಲ್ಲಿ ಇದನ್ನು ವರ್ಷಗಟ್ಟಲೆ ಕೊಡಿಸಬಹುದು. ಎರಡೆಕರೆ ಹತ್ತಿ ಹೊಲ ಮಾರಿದರೆ ಒಂದೆರಡು ವರ್ಷ ನಡೆದೀತು. ಮಾರಬೇಕಾ, ಡಾಕ್ಟ್ರೇ?
ರೈತರೊಬ್ಬರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಹೊಲ ಮಾರಬೇಡಿ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಮಗ ಹೇಳಿದ್ದರಲ್ಲೂ ಸುಳ್ಳಿಲ್ಲ.

ನಮ್ಮ ಮೆದುಳು, ಬೆನ್ನುಹುರಿಗಳ ನರಗಳ ಮೇಲೆ ಮಯಲಿನ್ ಎಂಬ ಹೊದಿಕೆ ಇರುತ್ತದೆ. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಈ ಹೊದಿಕೆಯನ್ನು ಕಿತ್ತರೆ ಅದು ಎಂ.ಎಸ್. ಕಣ್ಣಿನ ನರದ ಹೊದಿಕೆ ಹೋದರೆ ಕಣ್ಣು ಮಂಜು. ಬೆನ್ನುಹುರಿಯಲ್ಲಾದರೆ ಕಾಲು ಜೋಮು. ಕೆಲವು ವಾರದಲ್ಲಿ ಇಳಿಯುತ್ತದೆ, ಮತ್ತೆ ಯಾವಾಗಲೋ ಬರುತ್ತದೆ. ನಿಮ್ಮ ಮಗಳದ್ದು ಹೀಗೆ ಬಂದು ಹೋಗುವ ಬಗೆ. ಸ್ಟಿರಾಯ್ಡ್ ಆ ಹೊತ್ತಿನ ಉರಿಯನ್ನು ತಣಿಸುತ್ತದೆ, ಅಷ್ಟೆ. ಮುಂದಿನ ಅಟ್ಯಾಕ್ ತಡೆಯಲು ಬೇರೆ ಔಷಧಿ ಬೇಕು. ಅದನ್ನು ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ರಿಟುಕ್ಸಿಮ್ಯಾಬ್, ಓಕ್ರೆಲಿಜುಮ್ಯಾಬ್ ಅಕ್ಕ ತಂಗಿಯರು. ಬಿಳಿ ಕಣಗಳಲ್ಲಿ ಬಿ ಕಣ ಎಂಬ ಒಂದು ಜಾತಿ ಇದೆ. ಅದರ ಮೈಮೇಲೆ ಸಿ.ಡಿ. 20 ಎಂಬ ಗುರುತು. ಎರಡೂ ಔಷಧಿಗಳು ಆ ಗುರುತನ್ನು ಹಿಡಿದು ಬಿ ಕಣಗಳನ್ನು ರಕ್ತದಿಂದ ತೆಗೆದುಹಾಕುತ್ತವೆ. ಕೆಲಸ ಒಂದೇ. ಅಕ್ಕನಲ್ಲಿ ಇಲಿಯಿಂದ ಬಂದ ಪ್ರೊಟೀನಿನ ಅಂಶ ಜಾಸ್ತಿ, ತಂಗಿಯಲ್ಲಿ ಕಡಿಮೆ. ಅಕ್ಕ ಹಳಬಳು. 1997ರಲ್ಲೇ ಅಮೆರಿಕದಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿಗೆ ಒಪ್ಪಿಗೆ ಪಡೆದಳು. 2008ರಲ್ಲಿ ಎಂ.ಎಸ್. ಇದ್ದ 104 ಜನರ ಮೇಲೆ ಅದರ ಪ್ರಯೋಗದ ಫಲಿತಾಂಶ ಬಂತು. ಒಂದೇ ಸುತ್ತಿನ ಔಷಧಿಯಿಂದ ಸ್ಕ್ಯಾನಿನಲ್ಲಿ ಕಾಣುವ ಹೊಸ ಉರಿಯ ಕಲೆಗಳು ಶೇ. 91ರಷ್ಟು ಇಳಿದಿದ್ದವು. ಆಗ ನಾನು ಆ ಲೇಖನವನ್ನು ಪ್ರಿಂಟ್ ತೆಗೆಸಿ, ಗೆರೆ ಎಳೆದು ಎರಡೆರಡು ಸಲ ಓದಿದ್ದು ನೆನಪಿದೆ. ನಮ್ಮ ಹುಬ್ಬಳ್ಳಿಯ ಒ.ಪಿ.ಡಿ.ಯಲ್ಲಿ ಅಲ್ಲಿಯವರೆಗೆ ನಮ್ಮ ಕೈಯಲ್ಲಿದ್ದದ್ದು ಮುಖ್ಯವಾಗಿ ಇಂಟರ್‌ಫೆರಾನ್ ಎಂಬ ಹಳೆಯ ಚುಚ್ಚುಮದ್ದು. ಚುಚ್ಚಿಸಿಕೊಂಡ ರಾತ್ರಿಯೆಲ್ಲ ಚಳಿ ಜ್ವರ.

ಆದರೆ ರಿಟುಕ್ಸಿಮ್ಯಾಬಿನ ದೊಡ್ಡ ಪ್ರಯೋಗ ಆಮೇಲೆ ನಡೆಯಲಿಲ್ಲ. ಅದರ ಹಿಂದಿದ್ದ ಕಂಪನಿ ಓಕ್ರೆಲಿಜುಮ್ಯಾಬ್ ಕಡೆ ಹೊರಳಿತು. ಅದನ್ನು ಎರಡು ಪ್ರಯೋಗಗಳಲ್ಲಿ ಒಟ್ಟು 1,656 ಜನರ ಮೇಲೆ ಇಂಟರ್‌ಫೆರಾನ್ ಜೊತೆ ಹೋಲಿಸಿದರು. ಇಂಟರ್‌ಫೆರಾನಿನಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 0.29 ಅಟ್ಯಾಕ್, ಓಕ್ರೆಲಿಜುಮ್ಯಾಬಿನಲ್ಲಿ 0.16. ಅಂದರೆ ಮೂರೂವರೆ ವರ್ಷಕ್ಕೊಮ್ಮೆ ಬರುತ್ತಿದ್ದದ್ದು ಆರು ವರ್ಷಕ್ಕೊಮ್ಮೆ ಆಯಿತು. 2017ರ ಮಾರ್ಚಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ನಿಮ್ಮ ಮಗ ಅಲ್ಲಿ ಕೇಳುತ್ತಿರುವುದು ಈ ಹೆಸರನ್ನು.

‘ಹಾಗಾದ್ರೆ ಸಾಕ್ಷಿ ಜಾಸ್ತಿ ಇರೋದು ಅದಕ್ಕೇ ಅಲ್ವಾ?’ ಅಂತ ಅವನು ಕೇಳಬಹುದು. ಹೌದು, ಕಂಪನಿ ನಡೆಸಿದ ದೊಡ್ಡ ಪ್ರಯೋಗಗಳ ಸಾಕ್ಷಿ ಅದಕ್ಕೇ ಜಾಸ್ತಿ. ಆದರೆ ಸ್ವೀಡನ್ನಿನ ಡಾಕ್ಟರುಗಳು ಕಂಪನಿಗಾಗಿ ಕಾಯಲಿಲ್ಲ. 17 ಆಸ್ಪತ್ರೆಗಳು ಸೇರಿ ರಿಟುಕ್ಸಿಮ್ಯಾಬನ್ನು ಡೈಮೀಥೈಲ್ ಫ್ಯೂಮರೇಟ್ ಎಂಬ ಮಾತ್ರೆಯ ಜೊತೆ ತಾವೇ ಹೋಲಿಸಿದರು. 2022ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ಮಾತ್ರೆ ತೆಗೆದುಕೊಂಡ 97 ಜನರಲ್ಲಿ 16 ಜನರಿಗೆ ಅಟ್ಯಾಕ್ ಆಯಿತು. ರಿಟುಕ್ಸಿಮ್ಯಾಬ್ ಪಡೆದ 98 ಜನರಲ್ಲಿ ಮೂವರಿಗೆ ಮಾತ್ರ. ಮರುವರ್ಷ, 2023ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಎಂ.ಎಸ್.ಗೆ ಬೇಕಾದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ರಿಟುಕ್ಸಿಮ್ಯಾಬ್ ಹೆಸರು ಸೇರಿಸಿತು.

ಇನ್ನೊಂದು ಕಡೆಯ ಮಾತನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಅದೇ 2023ರಲ್ಲಿ ಹಲವು ದೇಶಗಳ ರೋಗಿಗಳ ದಾಖಲೆ ತೆಗೆದು ಅಕ್ಕ ತಂಗಿಯರನ್ನು ಹೋಲಿಸಿದ ಒಂದು ಅಧ್ಯಯನ ಬಂತು. ಅದರಲ್ಲಿ ರಿಟುಕ್ಸಿಮ್ಯಾಬ್ ಪಡೆದವರಿಗೆ ವರ್ಷಕ್ಕೆ 0.20, ಓಕ್ರೆಲಿಜುಮ್ಯಾಬ್ ಪಡೆದವರಿಗೆ 0.09 ಅಟ್ಯಾಕ್. ಕೈಕಾಲಿನ ಊನ ಹೆಚ್ಚುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ಚೀಟಿ ಎತ್ತಿ ಹಂಚಿ ಮಾಡಿದ ಪ್ರಯೋಗವಲ್ಲ, ಹಳೆಯ ದಾಖಲೆಗಳ ಲೆಕ್ಕ. ಯಾರಿಗೆ ಯಾವುದು ಕೊಟ್ಟರು, ಎಷ್ಟು ಡೋಸ್, ಎಷ್ಟು ಅಂತರ, ಇವೆಲ್ಲ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ. ಇಬ್ಬರನ್ನೂ ನೇರವಾಗಿ ಎದುರುಬದುರು ನಿಲ್ಲಿಸುವ ಪ್ರಯೋಗಗಳನ್ನು ಡೆನ್ಮಾರ್ಕ್, ನಾರ್ವೆಗಳಲ್ಲಿ ಕೈಗೆತ್ತಿಕೊಂಡಿದ್ದಾರೆ.

ಈ ಅಂಕಿಗಳನ್ನು ಓದುವಾಗ ನಮ್ಮ ಕಡೆಯ ಕುಸ್ತಿ ನೆನೆಸಿಕೊಳ್ಳಿ. ಒಬ್ಬ ಪೈಲ್ವಾನ ಈ ಜಾತ್ರೆಯಲ್ಲಿ ಒಬ್ಬನನ್ನು ಚಿತ್ ಮಾಡಿದ. ಇನ್ನೊಬ್ಬ ಬೇರೆ ಜಾತ್ರೆಯಲ್ಲಿ ಬೇರೆಯವನನ್ನು ಕೆಡವಿದ. ಇಬ್ಬರಲ್ಲಿ ಯಾರು ಜೋರು ಅಂತ ಹೇಗೆ ಹೇಳೋಣ? ಓಕ್ರೆಲಿಜುಮ್ಯಾಬ್ ಕಾದಾಡಿದ್ದು ಇಂಟರ್‌ಫೆರಾನ್ ಜೊತೆ. ಆಫಟುಮುಮ್ಯಾಬ್, ಉಬ್ಲಿಟುಕ್ಸಿಮ್ಯಾಬ್ ಎಂಬ ಕಿರಿಯ ತಂಗಿಯರು ಕಾದಾಡಿದ್ದು ಟೆರಿಫ್ಲುನೊಮೈಡ್ ಎಂಬ ಮಾತ್ರೆಯ ಜೊತೆ. ಅವುಗಳ ಅಂಕಿ 0.11, 0.08 ಅಂತ ಬಂದಿದೆ. ನಟಾಲಿಜುಮ್ಯಾಬ್ ಎಂಬ ಇನ್ನೊಂದರ ಅಂಕಿ 0.23. ಬರೀ ಅಂಕಿ ನೋಡಿದರೆ ಅದೇ ಎಲ್ಲಕ್ಕಿಂತ ಸೋತ ಹಾಗೆ ಕಾಣುತ್ತದೆ. ಆದರೆ ಆ ಪ್ರಯೋಗದಲ್ಲಿ ಔಷಧಿ ಇಲ್ಲದ ಡ್ರಿಪ್ ಪಡೆದವರಿಗೆ ವರ್ಷಕ್ಕೆ 0.73 ಅಟ್ಯಾಕ್ ಆಗುತ್ತಿತ್ತು. ಅಷ್ಟು ಜೋರಾದ ಕಾಯಿಲೆಯವರನ್ನು ಅದು ಎಲ್ಲಿಗೆ ಇಳಿಸಿತು ನೋಡಿ. ನನ್ನ ಅನುಭವದಲ್ಲಿ ನಟಾಲಿಜುಮ್ಯಾಬ್ ಬಹಳ ಗಟ್ಟಿ ಔಷಧಿ.

ಈಗ ದುಡ್ಡಿನ ಮಾತು. ಈ ಔಷಧಿ ಒಂದೆರಡು ವರ್ಷಕ್ಕೆ ಮುಗಿಯುವುದಲ್ಲ. ನಿಮ್ಮ ಮಗಳಿಗೆ 26. ಮುಂದೆ ಎಷ್ಟೋ ವರ್ಷ ಬೇಕಾಗುತ್ತದೆ. ಗದಗ ಕಡೆಯ ಒಂದು ಕುಟುಂಬ ನನಗೆ ಮರೆಯುವುದಿಲ್ಲ. ಸಾಲ ಮಾಡಿ ಮಗನಿಗೆ ದುಬಾರಿ ಔಷಧಿಯನ್ನು ಎರಡು ಸಲ ಕೊಡಿಸಿದರು. ಹುಡುಗ ಚೆನ್ನಾಗಿದ್ದ. ಮೂರನೆಯದಕ್ಕೆ ದುಡ್ಡು ಹೊಂದಲಿಲ್ಲ. ಹೇಳಲು ನಾಚಿಕೆಪಟ್ಟು ಬರುವುದನ್ನೇ ಬಿಟ್ಟರು. ಒಂದೂವರೆ ವರ್ಷದ ಮೇಲೆ ಬಂದಾಗ ಅವನನ್ನು ಅವನ ಅಣ್ಣ ಹೆಗಲ ಮೇಲೆ ಹೊತ್ತು ತಂದಿದ್ದ. ನಾನು ಮೊದಲನೇ ದಿನವೇ ಕೂರಿಸಿಕೊಂಡು ‘ಐದು ವರ್ಷ ನಡೆಸಲು ಆಗುತ್ತದಾ?’ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಈಗ ಪ್ರತಿ ಮನೆಯವರನ್ನೂ ಕೇಳುತ್ತೇನೆ. ರಿಟುಕ್ಸಿಮ್ಯಾಬನ್ನು ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಿಂದಲೇ ನಮ್ಮ ದೇಶದಲ್ಲಿ ತಯಾರಿಸುತ್ತಿದೆ. ಈಗ ಬೇರೆ ಕಂಪನಿಗಳದ್ದೂ ಇದೆ. ಆರು ತಿಂಗಳಿಗೊಮ್ಮೆ ತಪ್ಪದೆ ಕೊಡಿಸಲು ಆಗುವುದು ಯಾವುದೋ ನಿಮ್ಮ ಮಗಳಿಗೆ ಅದೇ ದೊಡ್ಡ ಔಷಧಿ. ಟೆಕ್ಸಸ್‌ನ ಮಗನಿಗೆ ಇದನ್ನು ಓದಿ ಹೇಳಿ. ಅವನು ತಿಂಗಳಿಗೆ ಇಷ್ಟು ಅಂತ ಕಳಿಸಿದರೆ ತಂಗಿಯ ಸ್ಕ್ಯಾನ್, ರಕ್ತಪರೀಕ್ಷೆ, ಫಿಸಿಯೋಥೆರಪಿಗೆ ಆಗುತ್ತದೆ.

ಔಷಧಿಗೆ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಇದು ಎಂ.ಎಸ್. ಹೌದಾ? ಎನ್.ಎಂ.ಒ. ಎಂಬ ಇನ್ನೊಂದು ಕಾಯಿಲೆ ಇದೆ. ಅದೂ ಕಣ್ಣಿನ ನರಕ್ಕೆ, ಬೆನ್ನುಹುರಿಗೆ ಬರುತ್ತದೆ. ನಮ್ಮ ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಊರಿನ ಲೆಕ್ಕ ತೆಗೆದಾಗ ಲಕ್ಷ ಜನರಲ್ಲಿ ಸುಮಾರು ಎಂಟು ಜನರಿಗೆ ಎಂ.ಎಸ್., ಎರಡು ಮೂರು ಜನರಿಗೆ ಎನ್.ಎಂ.ಒ. ಸಿಕ್ಕಿತ್ತು. ಅಂದರೆ ನಮ್ಮಲ್ಲಿ ಅದೇನು ಅಪರೂಪದ ಗೊಂದಲವಲ್ಲ. ಅಕ್ವಾಪೊರಿನ್-4 ಆ್ಯಂಟಿಬಾಡಿ, ಮಾಗ್ ಆ್ಯಂಟಿಬಾಡಿ ಎಂಬ ಎರಡು ರಕ್ತಪರೀಕ್ಷೆಗಳಿವೆ. ಮಾಡಿಸಿದ್ದಾರಾ ಅಂತ ಕೇಳಿ. ಎನ್.ಎಂ.ಒ. ಆಗಿದ್ದರೆ ಇಂಟರ್‌ಫೆರಾನ್, ನಟಾಲಿಜುಮ್ಯಾಬ್ ಕೊಟ್ಟರೆ ಇನ್ನೂ ಕೆಡುತ್ತದೆ. ಆದರೆ ರಿಟುಕ್ಸಿಮ್ಯಾಬ್ ಎರಡಕ್ಕೂ ಆಗುತ್ತದೆ. ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ಪರೀಕ್ಷೆ ನಮ್ಮ ಕೈಗೆ ಬರುವ ಮುಂಚೆ ಒಬ್ಬ ತಾಯಿಗೆ ಎಂ.ಎಸ್. ಎಂದುಕೊಂಡು ವರ್ಷದವರೆಗೆ ಇಂಟರ್‌ಫೆರಾನ್ ಕೊಟ್ಟಿದ್ದೆ. ಆಮೇಲೆ ತಿಳಿಯಿತು ಅವರದ್ದು ಎನ್.ಎಂ.ಒ. ಅಷ್ಟರಲ್ಲಿ ಒಂದು ಕಣ್ಣು ಹೋಗಿತ್ತು. ಅವರು ಈಗಲೂ ಚೆಕಪ್ಪಿಗೆ ಬರುತ್ತಾರೆ. ಬಂದಾಗಲೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಾರೆ. ಅದನ್ನು ತೆಗೆದುಕೊಳ್ಳುವಾಗ ಪ್ರತಿ ಸಲ ನನಗೆ ಕಷ್ಟವಾಗುತ್ತದೆ.

ಆಮೇಲೆ ಹೆಪಟೈಟಿಸ್ ಬಿ ಪರೀಕ್ಷೆ. ಇದನ್ನು ಬಿಟ್ಟು ಈ ಗುಂಪಿನ ಔಷಧಿ ಕೊಡಲೇಬಾರದು. ಲಿವರಿನಲ್ಲಿ ಮಲಗಿರುವ ವೈರಸ್ ಎದ್ದು ಪ್ರಾಣಕ್ಕೇ ಬರಬಹುದು. ವೈರಸ್ಸಿನ ಹೊರಗಿನ ಪೊರೆಯ (ಸರ್ಫೇಸ್ ಆ್ಯಂಟಿಜೆನ್) ಪರೀಕ್ಷೆ ಒಂದೇ ಸಾಲದು, ಹಳೆಯ ಸೋಂಕಿನ ಗುರುತಾದ ಕೋರ್ ಆ್ಯಂಟಿಬಾಡಿಯನ್ನೂ ನೋಡಬೇಕು. ನಮ್ಮ ದೇಶದಲ್ಲಿ ಟಿ.ಬಿ.ಗಾಗಿ ಎದೆಯ ಎಕ್ಸ್‌ರೇ ಬೇಕೇ ಬೇಕು. ಸೋಂಕಿನ ಜೊತೆ ಹೋರಾಡುವ ಇಮ್ಯುನೊಗ್ಲೋಬ್ಯುಲಿನ್ ಎಂಬ ಪ್ರೊಟೀನು ರಕ್ತದಲ್ಲಿ ಎಷ್ಟಿದೆ ಅಂತ ಶುರುವಿನಲ್ಲೇ ಬರೆದಿಟ್ಟುಕೊಂಡರೆ ಮುಂದೆ ಇಳಿದಾಗ ಗೊತ್ತಾಗುತ್ತದೆ. ಲಸಿಕೆಗಳನ್ನು ಡ್ರಿಪ್ಪಿಗೆ ಮುಂಚೆ ಹಾಕಿಸಿ. ಬಿ ಕಣ ಹೋದ ಮೇಲೆ ಲಸಿಕೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ.

ಡ್ರಿಪ್ ಹಾಕುವ ದಿನ ಬೆಳಿಗ್ಗೆ ಬಂದರೆ ಸಂಜೆ ಮನೆಗೆ. ಮೊದಲು ಪ್ಯಾರಾಸಿಟಮಾಲ್, ಅಲರ್ಜಿ ಔಷಧಿ, ಸ್ಟಿರಾಯ್ಡ್ ಕೊಡುತ್ತಾರೆ. ಆಮೇಲೆ ನಿಧಾನವಾಗಿ ಬಿಡುತ್ತಾರೆ. ಮೊದಲ ಸಲ ಗಂಟಲು ಕೆರೆತ, ಮೈ ತುರಿಕೆ, ಚಳಿ ಬರಬಹುದು. ತಡೆದುಕೊಂಡು ಸುಮ್ನೆ ಮಲಗಬಾರದು, ತಕ್ಷಣ ಸಿಸ್ಟರ್‌ಗೆ ಹೇಳಲಿ. ಡ್ರಿಪ್ ನಿಲ್ಲಿಸಿ, ವೇಗ ತಗ್ಗಿಸಿದರೆ ಬಹಳ ಜನರಿಗೆ ಸರಿಹೋಗುತ್ತದೆ. ಮನೆಗೆ ಬಂದ ಮೇಲೆ ಜ್ವರ ಎರಡು ದಿನ ದಾಟಿದರೆ ಮಾತ್ರೆ ನುಂಗಿ ಕೂರಬೇಡಿ. ತೋರಿಸಿ.

ನೀವು ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ‘ಮದುವೆ ಮಾಡಬಹುದಾ?’ ಅಂತ ಕೇಳಿದ್ದೀರಿ. ಮಾಡಬಹುದು. ಮಕ್ಕಳೂ ಆಗುತ್ತವೆ. ಮುಚ್ಚಿಟ್ಟು ಮಾತ್ರ ಮಾಡಬೇಡಿ. ಅವಳ ಔಷಧಿ ಅವಳ ಜೊತೆ ಗಂಡನ ಮನೆಗೂ ಹೋಗಬೇಕು.

ಪ್ರಶ್ನೆ: ನನಗೆ 31. ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಎಂ.ಎಸ್. ಗೊತ್ತಾಯಿತು. ಅಲ್ಲಿ ನಟಾಲಿಜುಮ್ಯಾಬ್ ಶುರು ಮಾಡಿದರು. ಎರಡೂವರೆ ವರ್ಷದಿಂದ ತಿಂಗಳಿಗೊಮ್ಮೆ ಡ್ರಿಪ್. ಒಂದೂ ಅಟ್ಯಾಕ್ ಆಗಿಲ್ಲ. ಈಗ ಬೆಂಗಳೂರಿಗೆ ಬಂದಿದ್ದೇವೆ. ಹೊಸ ರಿಪೋರ್ಟಿನಲ್ಲಿ ಜೆ.ಸಿ. ವೈರಸ್ ಪಾಸಿಟಿವ್, ಇಂಡೆಕ್ಸ್ 2.1. ಮುಂದಿನ ವರ್ಷ ಮಗು ಬೇಕು ಅಂತ ಇದೆ. ಔಷಧಿ ನಿಲ್ಲಿಸಿ ಪ್ರಯತ್ನಿಸಲೇ?
ಓದುಗಿ, ಬೆಂಗಳೂರು

ಉತ್ತರ: ಬರೀ ನಿಲ್ಲಿಸಬೇಡಿ. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆಯಾದ ಮಾತು ಅದೊಂದೇ.

ನಟಾಲಿಜುಮ್ಯಾಬ್ ಬಿಳಿ ಕಣಗಳನ್ನು ಕೊಲ್ಲುವುದಿಲ್ಲ. ಅವು ರಕ್ತದಿಂದ ಮೆದುಳಿಗೆ ನುಗ್ಗುವ ಬಾಗಿಲಿಗೆ ಅಗಳಿ ಹಾಕುತ್ತದೆ. ಔಷಧಿ ಬಿಟ್ಟರೆ ಕೆಲವು ತಿಂಗಳಲ್ಲಿ ಅಗಳಿ ತೆರೆಯುತ್ತದೆ. ಹೊರಗೆ ಕಾದಿದ್ದ ಕಣಗಳೆಲ್ಲ ಒಟ್ಟಿಗೆ ಒಳಗೆ ಹೋಗುತ್ತವೆ. ಹಿಂದೆಂದೂ ಬಾರದಷ್ಟು ಜೋರಾದ ಅಟ್ಯಾಕ್ ಆಗ ಬರಬಹುದು. ಬಸಿರಾದ ಮೊದಲ ತಿಂಗಳುಗಳಲ್ಲಿ ಹೀಗಾದರೆ ತಾಯಿಗೂ ಕಷ್ಟ, ಮನೆಯವರಿಗೂ ದಿಕ್ಕು ತೋಚುವುದಿಲ್ಲ.

ಹಾಗಂತ ಇದರಲ್ಲೇ ಮುಂದುವರಿಯಿರಿ ಅಂತಲೂ ಹೇಳಲಾರೆ. ಅಗಳಿ ಹಾಕಿದ ಮನೆಗೆ ಕಾವಲುಗಾರನೂ ಹೋಗಲಾರ, ಅಲ್ವಾ? ಜೆ.ಸಿ. ವೈರಸ್ ಬಹಳ ಜನರ ಮೈಯಲ್ಲಿ ತಣ್ಣಗೆ ಇರುತ್ತದೆ. ಕಾವಲು ಇಲ್ಲದ ಮೆದುಳಿನಲ್ಲಿ ಅದು ಎದ್ದರೆ ಪಿ.ಎಂ.ಎಲ್. ಎಂಬ ಭಾರೀ ಕಾಯಿಲೆ ಬರುತ್ತದೆ. ಈ ಔಷಧಿ 2004ರ ನವೆಂಬರಿನಲ್ಲಿ ಅಮೆರಿಕದ ಪೇಟೆಗೆ ಬಂದು 2005ರ ಫೆಬ್ರವರಿಯಲ್ಲೇ ವಾಪಸ್ ಹೋಗಿದ್ದು ಇದಕ್ಕೇ. 2006ರಲ್ಲಿ ಕಟ್ಟುನಿಟ್ಟಿನ ಜೊತೆ ಮತ್ತೆ ಬಂತು. ಜೆ.ಸಿ. ನೆಗೆಟಿವ್ ಇದ್ದವರಿಗೆ ಪಿ.ಎಂ.ಎಲ್. ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಇಂಡೆಕ್ಸ್, ಅಂದರೆ ರಕ್ತದಲ್ಲಿ ಆ ವೈರಸ್ಸಿನ ವಿರುದ್ಧದ ಆ್ಯಂಟಿಬಾಡಿಯ ಅಳತೆ, 1.5 ದಾಟಿ, ಔಷಧಿ ಎರಡು ವರ್ಷ ದಾಟಿದರೆ ಲೆಕ್ಕ ಬದಲಾಗಿ ಅಪಾಯ ಏರುತ್ತದೆ. ನಿಮ್ಮದು ಎರಡೂ ದಾಟಿದೆ.

ನೀವು ನನ್ನ ಎದುರು ಕೂತಿದ್ದರೆ ನಾನು ಹೇಳುತ್ತಿದ್ದದ್ದು ಇದು. ಮೊದಲು ಒಂದು ಹೊಸ ಎಂ.ಆರ್.ಐ. ಮಾಡಿಸಿ, ಪಿ.ಎಂ.ಎಲ್.ನ ಸುಳಿವು ಇಲ್ಲ ಅಂತ ನೋಡೋಣ. ಕೊನೆಯ ನಟಾಲಿಜುಮ್ಯಾಬ್ ಆದ ನಾಲ್ಕರಿಂದ ಆರು ವಾರದೊಳಗೆ ಸಿ.ಡಿ. 20 ಗುಂಪಿನ ಒಂದು ಔಷಧಿಗೆ ಬದಲಿಸೋಣ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಬೇರೆ ಆಸ್ಪತ್ರೆಗಳಿವೆ, ಇದು ಹೊಸ ಕೆಲಸವೇನಲ್ಲ. ಆ ಗುಂಪಿನ ಗುಣ ಏನೆಂದರೆ ಔಷಧಿ ಮೈಯಿಂದ ಹೋದ ಮೇಲೂ ಬಿ ಕಣ ಬೇಗ ಮರಳುವುದಿಲ್ಲ, ರಕ್ಷಣೆ ಉಳಿಯುತ್ತದೆ. ಓಕ್ರೆಲಿಜುಮ್ಯಾಬಿನ ಅಮೆರಿಕದ ಲೇಬಲ್ ಕೊನೆಯ ಡೋಸಿನ ನಂತರ 6 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಿ ಎನ್ನುತ್ತದೆ. ನಿಮ್ಮ ಡಾಕ್ಟರ್ ಜೊತೆ ಕ್ಯಾಲೆಂಡರ್ ಇಟ್ಟುಕೊಂಡು ಕೂತು ಲೆಕ್ಕ ಹಾಕಿ. ಮುಂದಿನ ವರ್ಷ ಮಗು ಅನ್ನುವ ಆಸೆಗೆ ಈ ದಾರಿ ಹೊಂದುತ್ತದೆ.

ನಿಮ್ಮ ಜೆ.ಸಿ. ನೆಗೆಟಿವ್ ಆಗಿದ್ದಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು. ನಟಾಲಿಜುಮ್ಯಾಬನ್ನೇ ಆರು ವಾರಕ್ಕೊಮ್ಮೆ ಮಾಡಿ, ಬಸಿರಿನಲ್ಲೂ ಏಳೆಂಟು ತಿಂಗಳವರೆಗೆ ನಡೆಸಿದ ತಾಯಂದಿರಿದ್ದಾರೆ. ಹುಟ್ಟಿದ ಮಗುವಿನ ರಕ್ತಪರೀಕ್ಷೆ ಮಾತ್ರ ತಪ್ಪಿಸಬಾರದು.

ಒಂದು ಮಾತನ್ನು ಡೈರಿಯಲ್ಲಿ ಬರೆದುಕೊಳ್ಳಿ. ಸಿ.ಡಿ. 20 ಔಷಧಿ ಬಸಿರಿನ ಹೊತ್ತಿನಲ್ಲಿ ಮೈಯಲ್ಲಿ ಇದ್ದಿದ್ದರೆ ಅದನ್ನು ಹೆರಿಗೆಗೆ ಮುಂಚೆಯೇ ಮಕ್ಕಳ ಡಾಕ್ಟರಿಗೆ ಹೇಳಬೇಕು. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಬಿ.ಸಿ.ಜಿ., ಪೋಲಿಯೊ ಹನಿ ಕೊಟ್ಟುಬಿಡುತ್ತಾರೆ. ಅವು ಜೀವಂತ ಲಸಿಕೆಗಳು. ಮಗುವಿನ ಬಿ ಕಣ ಸರಿಯಿದೆಯಾ ಅಂತ ನೋಡಿಯೇ ಕೊಡಬೇಕು. ಹೆರಿಗೆ ಮನೆಯ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ನಿಮ್ಮ ಅಮ್ಮನಿಗೋ ಅತ್ತೆಗೋ ಈಗಲೇ ಹೇಳಿಟ್ಟಿರಿ.

ಪ್ರಶ್ನೆ: ಎರಡು ಸುತ್ತು ಔಷಧಿ ತೆಗೆದುಕೊಂಡರೆ ಮುಗಿಯಿತು, ಮತ್ತೆ ಬೇಡ ಎನ್ನುವ ಆ್ಯಂಟಿಬಾಡಿ ಇದೆಯಂತೆ. ಅಲೆಮ್ಟುಜುಮ್ಯಾಬ್. ಎಲ್ಲರಿಗೂ ಅದನ್ನೇ ಯಾಕೆ ಕೊಡುವುದಿಲ್ಲ?
ಓದುಗರು, ಮೈಸೂರು

ಉತ್ತರ: ಇದೆ. ಮೊದಲ ವರ್ಷ ಐದು ದಿನ, ಮರುವರ್ಷ ಮೂರು ದಿನ ಡ್ರಿಪ್. ಕೆಲವರಿಗೆ ಆಮೇಲೆ ವರ್ಷಗಟ್ಟಲೆ ಏನೂ ಬೇಕಾಗುವುದಿಲ್ಲ. ಆದರೆ ಇದು ಬಿ ಕಣ, ಟಿ ಕಣ ಎಂಬ ಎರಡೂ ಜಾತಿಯ ಬಿಳಿ ಕಣಗಳನ್ನು ಗುಡಿಸಿಹಾಕುತ್ತದೆ. ಹೊಸದಾಗಿ ಬೆಳೆಯುವ ಕಣಗಳು ಮತ್ತೆ ಬೇರೆ ಅಂಗದ ಮೇಲೆ ತಿರುಗಿ ಬೀಳಬಹುದು. ಮೂವರಲ್ಲಿ ಒಬ್ಬರಿಗಾದರೂ ಥೈರಾಯ್ಡ್ ತೊಂದರೆ ಬರುತ್ತದೆ. ಅಪರೂಪಕ್ಕೆ ಪ್ಲೇಟ್‌ಲೆಟ್ ಕುಸಿಯುತ್ತದೆ, ಕಿಡ್ನಿ ಕೆಡುತ್ತದೆ. ಡ್ರಿಪ್ ಹಾಕಿದ ದಿನಗಳಲ್ಲೇ ಪಾರ್ಶ್ವವಾಯು ಆದದ್ದೂ ಇದೆ. ಹಾಗಾಗಿ 2019ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಇದರ ಬಳಕೆಗೆ ಗಟ್ಟಿ ಮಿತಿ ಹಾಕಿದರು. ಕೊನೆಯ ಡ್ರಿಪ್ ಆದ ಮೇಲೆ 48 ತಿಂಗಳು, ಪ್ರತಿ ತಿಂಗಳು ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಎರಡು ಸುತ್ತಿಗೆ ಮುಗಿಯಿತು ಅನ್ನುವ ಮಾತು ಅರ್ಧ ಮಾತ್ರ ನಿಜ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೆ ಮಾತ್ರ ನಾನು ಇದನ್ನು ಯೋಚಿಸುತ್ತೇನೆ.

ಪ್ರಶ್ನೆ: ನನ್ನ ಮಗ ಸ್ವೀಡನ್ನಿನಲ್ಲಿ ಓದುತ್ತಿದ್ದಾನೆ. ಅಲ್ಲಿ ಅವನಿಗೆ ಎಂ.ಎಸ್. ಅಂತ ರಿಟುಕ್ಸಿಮ್ಯಾಬ್ ಕೊಡುತ್ತಿದ್ದಾರೆ. ನಮ್ಮ ಪರಿಚಯದ ಮೆಡಿಕಲ್ ಶಾಪಿನವರು ‘ಅದು ಕ್ಯಾನ್ಸರ್ ಔಷಧಿ, ಹಳೇದು’ ಅಂದರು. ಪರದೇಶದ ಹುಡುಗ ಅಂತ ಅಗ್ಗದ್ದು ಕೊಟ್ಟರಾ? ಎರಡು ದಿನದಿಂದ ಊಟ ಸೇರುತ್ತಿಲ್ಲ.
ತಾಯಿಯೊಬ್ಬರು, ಶಿವಮೊಗ್ಗ

ಉತ್ತರ: ಅಮ್ಮಾ, ಮೊದಲು ಊಟ ಮಾಡಿ. ನಿಮ್ಮ ಮಗನಿಗೆ ಕೊಟ್ಟಿರುವುದು ಆ ದೇಶದವರು ತಮ್ಮ ಮಕ್ಕಳಿಗೂ ಕೊಡುವ ಔಷಧಿ. ಎಂ.ಎಸ್.ಗೆ ರಿಟುಕ್ಸಿಮ್ಯಾಬನ್ನು ಅತಿ ಹೆಚ್ಚಾಗಿ ಬಳಸುವ ದೇಶಗಳಲ್ಲಿ ಸ್ವೀಡನ್ ಮುಂದಿದೆ. ಮೇಲೆ ರಾಣೆಬೆನ್ನೂರಿನವರಿಗೆ ಬರೆದ ಉತ್ತರದಲ್ಲಿ ಹೇಳಿದ 17 ಆಸ್ಪತ್ರೆಗಳು ಅವರವೇ. ಕ್ಯಾನ್ಸರಿನಲ್ಲಿ ಅದು ಕೆಟ್ಟ ಬಿ ಕಣವನ್ನು ತೆಗೆಯುತ್ತದೆ, ಎಂ.ಎಸ್.ನಲ್ಲಿ ದಾರಿ ತಪ್ಪಿದ ಬಿ ಕಣವನ್ನು. ಕೂದಲು ಉದುರಿಸುವ ಕೀಮೋ ಇದಲ್ಲ. ಮಗನಿಗೆ ಕ್ಯಾನ್ಸರ್ ಇಲ್ಲ.

ಫೋನ್ ಮಾಡಿದಾಗ ಎರಡು ವಿಷಯ ಕೇಳಿ. ಜ್ವರ, ಕೆಮ್ಮು ಬಂದರೆ ಬೇಗ ತೋರಿಸುತ್ತಾನಾ? ವರ್ಷಕ್ಕೊಮ್ಮೆಯಾದರೂ ಇಮ್ಯುನೊಗ್ಲೋಬ್ಯುಲಿನ್ ನೋಡಿಸುತ್ತಾನಾ? ವರ್ಷಗಳು ಕಳೆದಂತೆ ಅದು ಇಳಿದು ಸೋಂಕು ಮತ್ತೆ ಮತ್ತೆ ಬರಬಹುದು. ಕೋವಿಡ್ ಕಾಲದಲ್ಲಿ ಈ ಗುಂಪಿನ ಔಷಧಿಯಲ್ಲಿದ್ದ ನನ್ನ ಕೆಲವು ರೋಗಿಗಳು ಬೇರೆಯವರಿಗಿಂತ ಜಾಸ್ತಿ ನರಳಿದರು. ಮುಂದಿನ ರಜೆಗೆ ಊರಿಗೆ ಬರುವ ಮುಂಚೆ ಟೈಫಾಯ್ಡ್ ಲಸಿಕೆಯ ಬಗ್ಗೆ ಅಲ್ಲಿಯ ಡಾಕ್ಟರನ್ನು ಕೇಳಲಿ. ನುಂಗುವ ಕ್ಯಾಪ್ಸೂಲಿನ ಟೈಫಾಯ್ಡ್ ಲಸಿಕೆ ಜೀವಂತ ಲಸಿಕೆ, ಅದು ಬೇಡ. ಚುಚ್ಚುವ ಲಸಿಕೆ ಆಗಬಹುದು.

ಪ್ರಶ್ನೆ: ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಆಫಟುಮುಮ್ಯಾಬ್ ಪೆನ್ ತಿಂಗಳಿಗೊಮ್ಮೆ ತಾನೇ ಚುಚ್ಚಿಕೊಳ್ಳುತ್ತಾಳೆ. ಮೇ ತಿಂಗಳಲ್ಲಿ ಆರು ವಾರಕ್ಕೆ ಕಲಬುರಗಿಗೆ ಬರುತ್ತಾಳೆ. ಇಲ್ಲಿ ಕರೆಂಟು ಹೋಗುತ್ತಿರುತ್ತದೆ. ಔಷಧಿ ಕೆಡುವುದಿಲ್ಲವಾ? ಬಿಸಿಲಿಗೆ ಅವಳ ಕಾಯಿಲೆ ಹೆಚ್ಚುತ್ತದಾ?
ಓದುಗರು, ಕಲಬುರಗಿ

ಉತ್ತರ: ಒಳ್ಳೆಯ ಅಣ್ಣ ನೀವು, ಮುಂಚೆಯೇ ಯೋಚಿಸಿದ್ದೀರಿ. ಈ ಪೆನ್ನಿನಲ್ಲಿ 20 ಮಿಲಿಗ್ರಾಂ ಇರುತ್ತದೆ. ಡ್ರಿಪ್ ಇಲ್ಲ, ಆಸ್ಪತ್ರೆಯಲ್ಲಿ ದಿನ ಕಳೆಯಬೇಕಿಲ್ಲ. ಅದೇ ಇದರ ದೊಡ್ಡ ಅನುಕೂಲ. ಮೊದಲ ಮೂರು ವಾರ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು.

ಪೆನ್ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರಿಜ್ಜಿನ ಒಳಗಡೆ, ಐಸ್ ಕಟ್ಟುವ ಖಾನೆಯಿಂದ ದೂರ. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಹೊರಗಿಟ್ಟರೆ 7 ದಿನದವರೆಗೆ ತಡೆಯುತ್ತದೆ, ಆದರೆ 30 ಡಿಗ್ರಿ ಮೀರಬಾರದು. ಮೇ ತಿಂಗಳ ಕಲಬುರಗಿಯಲ್ಲಿ ನಡುಮನೆಯೂ 30 ದಾಟಿರುತ್ತದೆ, ನಿಮಗೇ ಗೊತ್ತು. ಹಾಗಾಗಿ ಪೆನ್ನುಗಳನ್ನು ಮನೆಯ ಫ್ರಿಜ್ಜಿಗಿಂತ ಜನರೇಟರ್ ಇರುವ ಪರಿಚಯದ ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲಿ ಇಡಿಸಿ. ವಿಮಾನದಲ್ಲಿ ಕೈಚೀಲದಲ್ಲೇ ತರಲಿ, ಡಾಕ್ಟರ ಚೀಟಿ ಜೊತೆಗಿರಲಿ. ದಾರಿಗೆ ಐಸ್ ಪ್ಯಾಕ್ ಇಟ್ಟ ಚೀಲ ಬೇಕು, ಪೆನ್ ಮಾತ್ರ ಐಸಿಗೆ ತಾಗಬಾರದು. ಆದರೆ ಹೊರಡುವ ಹಿಂದಿನ ದಿನಗಳಲ್ಲಿ ಒಂದು ಡೋಸ್ ಬರುವಂತಿದ್ದರೆ ಅಲ್ಲೇ ಚುಚ್ಚಿಕೊಂಡು ಬರಲಿ. ಆಗ ಒಂದೇ ಪೆನ್ ತಂದರೆ ಸಾಕಾಗುತ್ತದೆ.

ಬಿಸಿಲಿಗೆ ಅವಳಿಗೆ ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ಹೊದಿಕೆ ಸವೆದ ನರ ಮೈ ಕಾವೇರಿದಾಗ ಸುದ್ದಿ ಸರಿಯಾಗಿ ದಾಟಿಸುವುದಿಲ್ಲ. ಮೈ ತಣ್ಣಗಾದರೆ ಗಂಟೆಯೊಳಗೆ ಮೊದಲಿನಂತಾಗುತ್ತದೆ. ಅದು ಹೊಸ ಅಟ್ಯಾಕ್ ಅಲ್ಲ, ಔಷಧಿ ಸೋತಿತು ಅಂತಲೂ ಅಲ್ಲ. ಜ್ವರವಿಲ್ಲದೆ, ತಣ್ಣಗಿನ ಕೋಣೆಯಲ್ಲೂ ಒಂದು ದಿನ ಪೂರ್ತಿ ಇಳಿಯದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮದುವೆ ಮನೆಗಳಿಗೆ ಬೆಳಿಗ್ಗೆಯೇ ಹೋಗಿ ಹನ್ನೊಂದರೊಳಗೆ ವಾಪಸ್ ಬನ್ನಿ. ಒಂದು ಒದ್ದೆ ಟವೆಲ್ ಚೀಲದಲ್ಲಿರಲಿ. ‘ಊಟ ಮಾಡದೆ ಹೋದಳು’ ಅಂತ ನೆಂಟರು ಅಂದರೆ ಅವರಿಗೆ ನೀವು ಉತ್ತರ ಹೇಳಿ, ಅವಳಿಂದ ಹೇಳಿಸಬೇಡಿ.